ಹಾಟ್ ಡಾಗ್ ಗಾಡಿಯ ಮೆನು: ಏಪ್ರಿಲ್‌ನಿಂದ ಜೂನ್‌ವರೆಗಿನ ಪ್ರಗತಿ

ಏಪ್ರಿಲ್

ಶಿಕಾಗೋ ನಗರದ ಪಶ್ಚಿಮಕ್ಕಿರುವ ನಮ್ಮ ಉಪನಗರದಲ್ಲಿ, ಬೇಸಿಗೆಯ ವಾರಾಂತ್ಯಗಳಲ್ಲಿ ಮಕ್ಕಳ ಬೇಸ್‌ಬಾಲ್ ಪಂದ್ಯಗಳು ನಡೆಯುವ ಮೈದಾನದ ಪಕ್ಕ ಒಂದು ಹಾಟ್ ಡಾಗ್ (ಬನ್ನಿನೊಳಗೆ ಸಾಸೇಜ್, ಅಂದರೆ ಅರೆದ ಮಾಂಸ ತುಂಬಿದ ಕೊಳವೆ, ಇಟ್ಟ ತಿನಿಸು) ಗಾಡಿ ನಿಲ್ಲಿಸಬೇಕೆಂಬ ನಮ್ಮ ಹವ್ಯಾಸಕ್ಕೆ ಈ ತಿಂಗಳು ಒಂದು ಆಕಾರ ಬಂದಿದೆ. ಗಾಡಿ ಹಳೆಯದು, ಬೇರೆಯವರ ಕೈಯಿಂದ ಕೊಂಡದ್ದು. ಪ್ರೊಪೇನ್ ಒಲೆಯ ಮೇಲೊಂದು ಬಿಸಿನೀರಿನ ತೊಟ್ಟಿ, ಅದರೊಳಗೆ ಕೂರುವ ಮೂರು ಸ್ಟೀಲ್ ಪಾತ್ರೆಗಳು, ಒಂದು ಪಕ್ಕದಲ್ಲಿ ಮಂಜುಗಡ್ಡೆಯ ಪೆಟ್ಟಿಗೆ, ಹಿಂಬದಿಯಲ್ಲಿ ಪಾತ್ರೆ ತೊಳೆಯಲು ಮೂರು ಪುಟ್ಟ ಸಿಂಕ್‌ಗಳು ಮತ್ತು ಕೈ ತೊಳೆಯಲು ಬೇರೆಯೇ ಆದ ಇನ್ನೊಂದು. ಇದಿಷ್ಟೇ ಅದರ ಆಸ್ತಿ. ಪಾಲುದಾರನಾಗಿರುವ ಗೆಳೆಯ ಶಿಕಾಗೋದಲ್ಲೇ ಹುಟ್ಟಿ ಬೆಳೆದವನು. ನಾನು ಹಾಸನದ ಕಡೆಯವನು, ಅದರಲ್ಲೂ ಸಸ್ಯಾಹಾರಿ. ಆದ್ದರಿಂದ ರುಚಿ ನೋಡುವ ಕೆಲಸ ಅವನದು, ಲೆಕ್ಕ ಮತ್ತು ತಾಪಮಾನ ನೋಡುವ ಕೆಲಸ ನನ್ನದು ಎಂದು ಮೊದಲೇ ಹಂಚಿಕೊಂಡಿದ್ದೇವೆ.

ಮೊದಲ ಕರಡಿನಲ್ಲಿ ಶಿಕಾಗೋದ ಹಾಟ್ ಡಾಗ್ ಅಂಗಡಿಗಳಲ್ಲಿ ಸಿಗುವುದೆಲ್ಲವೂ ಇತ್ತು: ಶಿಕಾಗೋ ಶೈಲಿಯ ಹಾಟ್ ಡಾಗ್, ಮ್ಯಾಕ್ಸ್‌ವೆಲ್ ಸ್ಟ್ರೀಟ್ ಪೋಲಿಷ್ (ಸುಟ್ಟ ಪೋಲಿಷ್ ಸಾಸೇಜಿನದು), ಚಿಲ್ಲಿ ಡಾಗ್ (ಚಿಲ್ಲಿ ಎಂಬ ಖಾರದ ಮಾಂಸದ ಗೊಜ್ಜು ಹಾಕಿದ್ದು), ಇಟಾಲಿಯನ್ ಬೀಫ್ (ಸಾರಿನಲ್ಲಿ ನೆನೆಸಿದ ದನದ ಮಾಂಸದ ಸ್ಯಾಂಡ್‌ವಿಚ್), ತಮಾಲೆ (ಮೆಕ್ಕೆಜೋಳದ ಹಿಟ್ಟಿನ ಕಡುಬು), ಫ್ರೆಂಚ್ ಫ್ರೈಸ್, ನಿಂಬೆ ಪಾನಕ. ಬರೆದು ಮುಗಿಸಿದ ಮೇಲೆ ಇದು ಗಾಡಿಯ ಮೆನುವಲ್ಲ, ಹೋಟೆಲಿನ ಮೆನು ಎಂಬುದು ಇಬ್ಬರಿಗೂ ಸ್ಪಷ್ಟವಾಯಿತು. ಕತ್ತರಿಸುವುದಕ್ಕೆ ಒಂದೇ ನಿಯಮ ಇಟ್ಟುಕೊಂಡೆವು: ಗಾಡಿಯ ಮೇಲೆ ಹೇಗಿದ್ದರೂ ಇರಲೇಬೇಕಾದ ಸಾಮಗ್ರಿಯನ್ನು ಹಂಚಿಕೊಳ್ಳದ ತಿನಿಸಿಗೆ ಮೆನುವಿನಲ್ಲಿ ಜಾಗವಿಲ್ಲ.

ಈ ನಿಯಮಕ್ಕೆ ಮೊದಲು ಬಲಿಯಾದದ್ದು ಫ್ರೈಸ್. ಇಲ್ಲಿನ ಅನೇಕ ಅಂಗಡಿಗಳಲ್ಲಿ ಹಾಟ್ ಡಾಗ್ ಮತ್ತು ಫ್ರೈಸ್‌ಗಳನ್ನು ಒಂದೇ ಕಾಗದದಲ್ಲಿ ಸುತ್ತಿ ಕೊಡುವುದು ರೂಢಿಯಾದ್ದರಿಂದ ಗೆಳೆಯನಿಗೆ ಇದನ್ನು ಬಿಡಲು ಮನಸ್ಸಿರಲಿಲ್ಲ. ಆದರೆ ಕುದಿಯುವ ಎಣ್ಣೆ ಬಂದರೆ ಅದರ ಹಿಂದೆಯೇ ಹೊಗೆ ಹೀರುವ ಹುಡ್, ಬೆಂಕಿ ನಂದಿಸುವ ವ್ಯವಸ್ಥೆ, ಹಳೆ ಎಣ್ಣೆಯ ವಿಲೇವಾರಿ ಎಲ್ಲವೂ ಬರುತ್ತವೆ. ಅದರ ಬದಲು ಆಲೂಗಡ್ಡೆ ಚಿಪ್ಸ್ ಪೊಟ್ಟಣ ಇಡಲಿದ್ದೇವೆ. ಇಟಾಲಿಯನ್ ಬೀಫ್‌ನ ಸಾರಿಗೇ ಒಂದು ಪಾತ್ರೆ ಬೇಕು, ತಮಾಲೆಗೆ ಇನ್ನೊಂದು, ಎರಡೂ ಹೋದವು. ನಿಂಬೆ ಪಾನಕದ ಜಾಗಕ್ಕೆ ಕ್ಯಾನ್ ಪಾನೀಯಗಳು ಬಂದವು.

ಚಿಲ್ಲಿಯ ವಿಷಯ ಸ್ವಲ್ಪ ವಿವರವಾಗಿ ದಾಖಲಿಸುವಂಥದ್ದು, ಏಕೆಂದರೆ ಕಾಗದದ ಮೇಲೆ ಅದು ಬಹಳ ಸುಲಭವಾಗಿ ಕಾಣುತ್ತದೆ. ಅಮೆರಿಕದ ಆಹಾರ ಸಂಹಿತೆಯ ಪ್ರಕಾರ ಬಿಸಿಯಾಗಿ ಇಡುವ ಆಹಾರ 135 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 57 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಬಾರದು. ಕಾರ್ಖಾನೆಯಲ್ಲೇ ಬೇಯಿಸಿ ಪ್ಯಾಕ್ ಮಾಡಿದ ಸಾಸೇಜನ್ನು ಆ ಮಟ್ಟಕ್ಕೆ ಕಾಯಿಸಿದರೆ ಸಾಕು. ಆದರೆ ಪರವಾನಗಿ ಪಡೆದ ಬಾಡಿಗೆ ಅಡುಗೆಮನೆಯಲ್ಲಿ ನಾವೇ ಮಾಡಿ, ತಣಿಸಿ, ಮರುದಿನ ತರುವ ಚಿಲ್ಲಿಯನ್ನು ಎರಡು ಗಂಟೆಯೊಳಗೆ 165 ಡಿಗ್ರಿಗೆ, ಅಂದರೆ 74 ಡಿಗ್ರಿ ಸೆಲ್ಸಿಯಸ್‌ಗೆ ಮತ್ತೆ ಕಾಯಿಸಬೇಕು. ಬಿಸಿನೀರಿನ ತೊಟ್ಟಿ ಇರುವುದು ಬಿಸಿಯನ್ನು ಉಳಿಸಲಿಕ್ಕೆ, ತಣ್ಣಗಿನ ಗಟ್ಟಿ ಪದಾರ್ಥವನ್ನು ಬೇಗ ಕಾಯಿಸಲಿಕ್ಕಲ್ಲ. ಸಂಜೆ ಉಳಿದದ್ದನ್ನು ಚೆಲ್ಲುವ ನಷ್ಟ ಬೇರೆ. ಚಿಲ್ಲಿ ಹೋದ ಮೇಲೆ ಅದರ ಬಾಲ ಹಿಡಿದು ಬಂದಿದ್ದ ಚೀಸ್ ಸಾಸ್ ಕೂಡ ತಾನಾಗಿಯೇ ಹೋಯಿತು.

ಮೇ

ಇನ್ನೂ ತೀರ್ಮಾನವಾಗದ ಪೋಲಿಷ್ ಬಿಟ್ಟರೆ ಉಳಿದದ್ದು ಶಿಕಾಗೋ ಶೈಲಿಯ ಹಾಟ್ ಡಾಗ್. ಒಂದೇ ತಿನಿಸಾದರೂ ಇದರಲ್ಲಿ ಚಿಂತಿಸುವುದಕ್ಕೆ ಸಾಕಷ್ಟಿದೆ. ಈ ಊರಿನ ಹಾಟ್ ಡಾಗ್ ಎಂದರೆ ಪೂರ್ತಿ ದನದ ಮಾಂಸದ್ದು. 1893ರಲ್ಲಿ ಶಿಕಾಗೋದಲ್ಲಿ ನಡೆದ ವಿಶ್ವ ಕೊಲಂಬಿಯನ್ ಮೇಳದಲ್ಲಿ ಎಮಿಲ್ ರೈಖೆಲ್ ಮತ್ತು ಸ್ಯಾಮ್ಯುಯೆಲ್ ಲಡಾನಿ ಎಂಬ ವಲಸಿಗರು ಮಾರಿದ ಸಾಸೇಜಿನಿಂದಲೇ ಇಂದಿನ ವಿಯೆನ್ನಾ ಬೀಫ್ ಕಂಪನಿಯ ಕಥೆ ಆರಂಭವಾಗುತ್ತದೆ. ಅದರ ಮೇಲೆ ತರಕಾರಿಯ ರಾಶಿ ಹಾಕುವ ಪದ್ಧತಿಯನ್ನು ಸಾಮಾನ್ಯವಾಗಿ 1929ರಲ್ಲಿ ಮ್ಯಾಕ್ಸ್‌ವೆಲ್ ಸ್ಟ್ರೀಟ್‌ನಲ್ಲಿ ಶುರುವಾದ ಫ್ಲೂಕೀಸ್ ಅಂಗಡಿಯೊಂದಿಗೆ ಜೋಡಿಸಿ ಹೇಳುತ್ತಾರೆ. ಮಹಾ ಆರ್ಥಿಕ ಕುಸಿತದ ಆ ಕಾಲದಲ್ಲಿ ಐದು ಸೆಂಟ್‌ಗೆ ಅದು ಒಂದು ಹೊತ್ತಿನ ಊಟವೇ ಆಗಿತ್ತು.

ಸಾಸೇಜನ್ನು ಪೌಂಡಿಗೆ ಎಷ್ಟು ಎಂಬ ಲೆಕ್ಕದಲ್ಲಿ ಮಾರುತ್ತಾರೆ. ಪೌಂಡಿಗೆ ಎಂಟು ಬರುವುದು ಸುಮಾರು 57 ಗ್ರಾಂ, ಆರು ಬರುವುದು ಸುಮಾರು 76 ಗ್ರಾಂ, ನಾಲ್ಕು ಬರುವುದು 113 ಗ್ರಾಂ ತೂಗುತ್ತದೆ. ಗೆಳೆಯ ಆರರದನ್ನು ಆರಿಸಿದ್ದಾನೆ. ಎಂಟರದು ಇಷ್ಟೆಲ್ಲ ತರಕಾರಿಯ ಅಡಿಯಲ್ಲಿ ಕಳೆದೇ ಹೋಗುತ್ತದೆ ಎಂಬುದು ಅವನ ವಾದ. ನಾಲ್ಕರದು ಮಕ್ಕಳ ಕೈಗೆ ದೊಡ್ಡದು ಎಂಬುದು ನನ್ನ ವಾದ. ಕಚ್ಚಿದಾಗ ಪಟ್ ಎನ್ನುವ ಸಹಜ ಕವಚದ (ಪ್ರಾಣಿಯ ಕರುಳಿನಿಂದ ಮಾಡಿದ್ದು) ಸಾಸೇಜೇ ಆಗಬೇಕೆಂಬುದರಲ್ಲಿ ಅವನು ಒಂದಿಷ್ಟೂ ಬಗ್ಗಲಿಲ್ಲ. ಆ ಕವಚಕ್ಕೆ ಕುದಿನೀರು ಆಗದು, ಸೀಳಿಬಿಡುತ್ತದೆ. ಹಾಗಾಗಿ ನೀರನ್ನು 170 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸಿನಲ್ಲಿ, ಅಂದರೆ ಮೇಲ್ಮೈ ನಡುಗುತ್ತಿರಬೇಕು, ಗುಳ್ಳೆ ಉಕ್ಕಬಾರದು ಎಂಬ ಹದದಲ್ಲಿ ಹಿಡಿಯುವುದನ್ನು ಅಭ್ಯಾಸ ಮಾಡುತ್ತಿದ್ದೇನೆ. ಗಾಳಿ ಬೀಸುವ ದಿನ ಒಲೆಯ ಉರಿಯನ್ನು ನಂಬುವಂತಿಲ್ಲ. ಥರ್ಮಾಮೀಟರ್ ನೀರಿನಲ್ಲೇ ಇರಬೇಕು.

ಬನ್ನಿನ ಮೇಲೆ ಗಸಗಸೆ ಇರಬೇಕು ಮತ್ತು ಅದನ್ನು ಹಬೆಯಲ್ಲಿ ಬಿಸಿಮಾಡಬೇಕು. ಎರಡನೆಯ ಪಾತ್ರೆಯನ್ನು ಇದಕ್ಕಾಗಿಯೇ ಬಿಟ್ಟಿದ್ದೇವೆ. ಇಡ್ಲಿ ತಟ್ಟೆಯಂತೆ ತೂತುಗಳಿರುವ ಪಾತ್ರೆ, ಕೆಳಗೆ ನೀರು. ಬನ್ ಒಳಗೆ ಕೂತು ಹೆಚ್ಚು ಹೊತ್ತಾದರೆ ತಳ ಅಂಟಂಟಾಗಿ, ಎತ್ತುವಾಗ ಹರಿದು ಬರುತ್ತದೆ. ಬಂದ ಆರ್ಡರಿಗೆ ಬೇಕಾದಷ್ಟನ್ನೇ, ಮೆತ್ತಗಾಗುವವರೆಗೆ ಮಾತ್ರ ಇಟ್ಟು ತೆಗೆಯುವುದು ಸರಿ ಎಂದು ತೀರ್ಮಾನಿಸಿದ್ದೇವೆ.

ಕಟ್ಟುವ ಕ್ರಮ ಹೀಗೆ: ಸಾಸೇಜಿನ ಮೇಲೆ ಉದ್ದಕ್ಕೆ ಹಳದಿ ಸಾಸಿವೆಯ ಸಾಸ್, ಅದರ ಮೇಲೆ ಕಣ್ಣು ಕುಕ್ಕುವ ಹಸಿರಿನ ಸಿಹಿ ರೆಲಿಶ್ (ಸಣ್ಣಗೆ ಹೆಚ್ಚಿದ ಸೌತೆಕಾಯಿಯ ಸಿಹಿ ಉಪ್ಪಿನಕಾಯಿ), ಸಣ್ಣಗೆ ಹೆಚ್ಚಿದ ಹಸಿ ಈರುಳ್ಳಿ, ಸಾಸೇಜ್ ಮತ್ತು ಬನ್ನಿನ ನಡುವೆ ಒಂದು ಪಕ್ಕಕ್ಕೆ ಎರಡು ಟೊಮೆಟೊ ಹೋಳು, ಇನ್ನೊಂದು ಪಕ್ಕಕ್ಕೆ ಸಬ್ಬಸಿಗೆ ಹಾಕಿದ ಸೌತೆಕಾಯಿ ಉಪ್ಪಿನಕಾಯಿಯ ಉದ್ದನೆಯ ಸೀಳು, ನೆತ್ತಿಯ ಮೇಲೆ ವಿನೆಗರ್‌ನಲ್ಲಿ ನೆನೆಸಿದ ಎರಡು ಪುಟ್ಟ ಸ್ಪೋರ್ಟ್ ಮೆಣಸಿನಕಾಯಿ, ಕೊನೆಗೆ ಒಂದು ಚಿಟಿಕೆ ಸೆಲರಿ ಉಪ್ಪು (ಸೆಲರಿ ಬೀಜದ ಪುಡಿ ಬೆರೆಸಿದ ಉಪ್ಪು). ಟೊಮೆಟೊವನ್ನು ಮೊದಲು ಇಟ್ಟು ಆಮೇಲೆ ಈರುಳ್ಳಿ ಹಾಕಿದರೆ ಈರುಳ್ಳಿ ಜಾರಿ ಕಾಗದಕ್ಕೆ ಬೀಳುತ್ತದೆ. ಹೆಚ್ಚಿದ ಟೊಮೆಟೊ 41 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 5 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿರಬೇಕಾದ್ದರಿಂದ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಅದಕ್ಕೇ ಒಳ್ಳೆಯ ಜಾಗ.

ಕೆಚಪ್ ಬಗ್ಗೆ ಒಂದು ಮಾತು. ಹದಿನೆಂಟು ದಾಟಿದವರು ಹಾಟ್ ಡಾಗ್‌ಗೆ ಕೆಚಪ್ ಹಾಕಬಾರದೆಂದು ಅಮೆರಿಕದ ರಾಷ್ಟ್ರೀಯ ಹಾಟ್ ಡಾಗ್ ಮತ್ತು ಸಾಸೇಜ್ ಮಂಡಳಿ ಅರ್ಧ ತಮಾಷೆಗೆ ಹೇಳುತ್ತದೆ. ಶಿಕಾಗೋದವರು ಅದನ್ನು ಪೂರ್ತಿ ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ನಮ್ಮ ಗಿರಾಕಿಗಳಲ್ಲಿ ಅರ್ಧ ಜನ ಬೇಸ್‌ಬಾಲ್ ಟೋಪಿ ಹಾಕಿದ ಮಕ್ಕಳು. ಪುಟ್ಟ ಪೊಟ್ಟಣಗಳು ಗಾಡಿಯ ಮೇಲಲ್ಲ, ಕೆಳಗಿನ ಡಬ್ಬಿಯಲ್ಲಿ ಇರುತ್ತವೆ, ಕೇಳಿದವರಿಗೆ ಕೊಡುತ್ತೇವೆ.

ಜೂನ್ ಮೊದಲ ವಾರ

ಮೂರನೆಯ ಪಾತ್ರೆಗಾಗಿ ನಿಜವಾದ ಜಗ್ಗಾಟ ನಡೆಯಿತು. ಗೆಳೆಯನ ಕಡೆ ಮ್ಯಾಕ್ಸ್‌ವೆಲ್ ಸ್ಟ್ರೀಟ್ ಪೋಲಿಷ್, ನನ್ನ ಕಡೆ ಸಸ್ಯಾಹಾರಿ ಸಾಸೇಜ್. ನಮ್ಮ ನಿಯಮದ ಪ್ರಕಾರ ನೋಡಿದರೆ ಪೋಲಿಷ್ ಸುಲಭವಾಗಿ ಪಾಸಾಗುತ್ತದೆ: ಸಾಸಿವೆ, ಸ್ಪೋರ್ಟ್ ಮೆಣಸಿನಕಾಯಿ, ಬನ್ ಆಗಲೇ ಇವೆ, ಹೊಸದಾಗಿ ಬೇಕಾಗುವುದು ಬಾಡಿಸಿದ ಈರುಳ್ಳಿ ಮಾತ್ರ. ಆದರೆ ಆ ಸಾಸೇಜನ್ನು ಕಾದ ಹೆಂಚಿನ ಮೇಲೆ ಸಿಪ್ಪೆ ಕಪ್ಪಾಗುವಂತೆ ಸುಡಬೇಕು, ಈರುಳ್ಳಿ ಅದರ ಪಕ್ಕದಲ್ಲೇ ಅದೇ ಕೊಬ್ಬಿನಲ್ಲಿ ಬಾಡಬೇಕು. ನಮ್ಮಲ್ಲಿ ಹೆಂಚಿಲ್ಲ. ನೀರಿನಲ್ಲಿ ಬಿಸಿಮಾಡಿ ಕೊಟ್ಟರೆ ಸಾಲದೇ ಎಂದು ನಾನು ಕೇಳಿದಾಗ, ಅದಕ್ಕಿಂತ ಮಾರದಿರುವುದೇ ಮೇಲು ಎಂದು ಪೋಲಿಷ್ ಪರ ವಾದಿಸುತ್ತಿದ್ದವನೇ ಅದನ್ನು ಹೊಡೆದು ಹಾಕಿದ. ಅವನ ಈ ತೀರ್ಪು ಸರಿ ಎಂದೇ ನನಗೂ ಅನ್ನಿಸುತ್ತದೆ.

ಸಸ್ಯಾಹಾರಿ ಸಾಸೇಜ್ ಉಳಿಯುವುದಕ್ಕೆ ನನ್ನ ಊಟದ ಪದ್ಧತಿಗಿಂತ ದೊಡ್ಡ ಕಾರಣ ಈ ಪ್ರದೇಶದ ಜನ. ನೇಪರ್‌ವಿಲ್ ಮತ್ತು ಅರೋರಾ ಕಡೆ ಭಾರತೀಯ ಕುಟುಂಬಗಳು ಬಹಳ, ಕನ್ನಡದವರೂ ಸಾಕಷ್ಟಿದ್ದಾರೆ. ಅವರ ಮಕ್ಕಳೂ ಇದೇ ಮೈದಾನದಲ್ಲಿ ಆಡುತ್ತಾರೆ. ಅಂಥವರು ಕೇಳುವ ಮೊದಲ ಪ್ರಶ್ನೆ ರುಚಿಯದಲ್ಲ, ಅದೇ ನೀರಿನಲ್ಲಿ ಅದ್ದಿದ್ದೀರಾ ಎಂಬುದು. ಆದ್ದರಿಂದ ಬೇರೆ ಪಾತ್ರೆ, ಬೇರೆ ನೀರು, ಹಸಿರು ಹಿಡಿಯ ಬೇರೆ ಇಕ್ಕಳ, ಪ್ರತಿ ಸಲ ಬದಲಿಸುವ ಕೈಗವಸು. ಮೇಲಿನ ತರಕಾರಿಗಳೆಲ್ಲ ಅವೇ ಆದ್ದರಿಂದ ಸಾಮಗ್ರಿಯ ಪಟ್ಟಿಗೆ ಸೇರಿದ್ದು ಒಂದೇ ಒಂದು ವಸ್ತು. ಚಟ್ನಿಪುಡಿ ಇಡೋಣವೆಂದು ಮನೆಯಲ್ಲಿ ಸಲಹೆ ಬಂತು. ಸ್ಪೋರ್ಟ್ ಮೆಣಸಿನಕಾಯಿ ಖಾರದ ಕೆಲಸವನ್ನು ಆಗಲೇ ಮಾಡುತ್ತಿರುವುದರಿಂದ ಅದನ್ನು ಮನೆಯಲ್ಲೇ ಬಿಟ್ಟಿದ್ದೇನೆ.

ಹೀಗೆ ಫಲಕದ ಮೇಲೆ ಈಗ ನಾಲ್ಕೇ ಸಾಲು: ಶಿಕಾಗೋ ಡಾಗ್, ಸಸ್ಯಾಹಾರಿ ಶಿಕಾಗೋ ಡಾಗ್, ಚಿಪ್ಸ್, ಪಾನೀಯ. ತೆರಿಗೆ ಸೇರಿಸಿಯೇ ಬೆಲೆಯನ್ನು ಪೂರ್ಣ ಡಾಲರ್‌ಗಳಲ್ಲಿ ಬರೆಸುತ್ತೇವೆ. ಬಿಸಿಲಲ್ಲಿ ಸರದಿ ನಿಂತಿರುವಾಗ ಚಿಲ್ಲರೆ ಎಣಿಸುವುದು ಯಾರಿಗೂ ಬೇಡ. ಗೋಧಿ, ಸೋಯಾ ಇವೆ ಎಂಬ ಅಲರ್ಜಿ ಸೂಚನೆ ಅದೇ ಫಲಕದ ಕೆಳಗಿರುತ್ತದೆ.

ಜೂನ್ ಕೊನೆ

ಸಸ್ಯಾಹಾರಿ ಸಾಸೇಜಿಗೆ ಮೂರನೆಯ ಪಾತ್ರೆಯ ಅರ್ಧವೇ ಸಾಕೆಂದು ಗೊತ್ತಾದ ಮೇಲೆ, ಅಲ್ಲಿ ಅದರ ಅರ್ಧ ಅಳತೆಯ ಎರಡು ಪಾತ್ರೆ ಕೂರಿಸಿದ್ದೇವೆ. ಖಾಲಿ ಉಳಿದದ್ದಕ್ಕೆ ಬೇಯಿಸಿದ ಮೆಕ್ಕೆಜೋಳ ಸರಿಹೊಂದುತ್ತದೆ ಎಂಬುದು ನನ್ನ ಲೆಕ್ಕ: ಬೇಕಾಗುವುದು ನೀರು, ಬಿಸಿ ಮತ್ತು ಆಗಲೇ ಇರುವ ಸೆಲರಿ ಉಪ್ಪು. ಇಲಿನಾಯ್ ರಾಜ್ಯದ ಸಿಹಿ ಜೋಳ ಜುಲೈನಲ್ಲಿ ರೈತರ ಸಂತೆಗೆ ಬರುತ್ತದೆ. ಅಷ್ಟರಲ್ಲಿ ಆರೋಗ್ಯ ಇಲಾಖೆಗೆ ಕೊಟ್ಟ ಮೆನು ಪಟ್ಟಿಗೆ ಐದನೆಯ ಸಾಲನ್ನು ಸೇರಿಸಲು ಅರ್ಜಿ ಹಾಕಬೇಕು. ಒಪ್ಪಿಗೆ ಬರುವವರೆಗೆ ಫಲಕವನ್ನು ಬಣ್ಣದಲ್ಲಿ ಬರೆಸದೆ ಸೀಮೆಸುಣ್ಣದಲ್ಲೇ ಬರೆಯುತ್ತೇವೆ.