ಕತ್ತಲಲ್ಲಿ ತೂತು ಹೊಡೆದವರು

ನಗಿಸುವ ಸಿನಿಮಾ ಅಂತ ಗೆಳತಿ ಹೇಳಿದ್ದಕ್ಕೆ ನೋಡಲು ಕೂತೆ. ಪರೇಶ್ ಮೋಕಾಶಿ ಅವರ ಮರಾಠಿ ಚಿತ್ರ, 2009ರ ‘ಹರಿಶ್ಚಂದ್ರಾಚಿ ಫ್ಯಾಕ್ಟರಿ’. ದಾದಾಸಾಹೇಬ್ ಫಾಲ್ಕೆ ಭಾರತದ ಮೊದಲ ಪೂರ್ಣಪ್ರಮಾಣದ ಕಥಾಚಿತ್ರ ‘ರಾಜಾ ಹರಿಶ್ಚಂದ್ರ’ ಮಾಡಿದ ಕಥೆ. ಭಾನುವಾರ ಮಧ್ಯಾಹ್ನ, ಮುಂಬೈ ಹತ್ತಿರದ ಡೊಂಬಿವಿಲಿಯ ನಮ್ಮ ಮನೆ, ಪಕ್ಕದಲ್ಲಿ ಅಮ್ಮ ಬೀನ್ಸ್ ನಾರು ತೆಗೆಯುತ್ತಾ ಕೂತಿದ್ದಳು.

ನಿಜಕ್ಕೂ ನಗುವೇ ಜಾಸ್ತಿ. ಮನೆಯ ಸಾಮಾನು ಒಂದೊಂದಾಗಿ ಮಾರಿಹೋಗುತ್ತದೆ, ಆದರೂ ಆ ಮನೆಯಲ್ಲಿ ಯಾರೂ ಗೋಳಾಡುವುದಿಲ್ಲ. ನನಗೆ ಗಂಟಲು ಕಟ್ಟಿದ್ದೇ ಅದಕ್ಕೆ. ಯಾರಾದರೂ ಅತ್ತಿದ್ದರೆ ನಾನು ಆರಾಮಾಗಿ ಇರುತ್ತಿದ್ದೆನೇನೋ.

ಆಮೇಲೆ ಸುಮ್ನೆ ಕುತೂಹಲಕ್ಕೆ ಓದುತ್ತಾ ಹೋದೆ. ದುಡ್ಡು ಹಾಕುವವರಿಗೆ ನಂಬಿಕೆ ಬರಲಿ ಅಂತ ಫಾಲ್ಕೆ ಕುಂಡದಲ್ಲಿ ಬಟಾಣಿ ಬಿತ್ತಿ, ಅದು ಮೊಳೆತು ಗಿಡವಾಗುವವರೆಗೂ ದಿನಾ ಕ್ಯಾಮೆರಾ ಮುಂದೆ ಕಾದು ಸ್ವಲ್ಪ ಸ್ವಲ್ಪವೇ ಶೂಟ್ ಮಾಡಿದ್ದರಂತೆ. ಸರಿ, ಅವರ ಹಟ ಎಲ್ಲರಿಗೂ ಗೊತ್ತು. ಆದರೆ ಅವರ ಹೆಂಡತಿ ಸರಸ್ವತಿಬಾಯಿ? ಆಗ ಬರುತ್ತಿದ್ದ ಕಚ್ಚಾ ಫಿಲ್ಮಿನ ಅಂಚಿಗೆ ತೂತು ಇರುತ್ತಿರಲಿಲ್ಲ. ತೂತಿಲ್ಲದೆ ಅದು ಕ್ಯಾಮೆರಾದಲ್ಲಿ ಓಡುವುದಿಲ್ಲ, ಬೆಳಕು ತಾಗಿದರೆ ಹಾಳು, ಹಾಗಾಗಿ ಕತ್ತಲಲ್ಲೇ ಕೂತು ತೂತು ಹೊಡೆಯಬೇಕು. ಆ ಕೆಲಸ ಅವರದು. ಹಗಲು ಇಡೀ ತಂಡಕ್ಕೆ ಅಡುಗೆ, ಬಿಸಿಲಲ್ಲಿ ನಿಂತು ಬಿಳಿ ಬಟ್ಟೆ ಹಿಡಿದು ನಟರ ಮುಖಕ್ಕೆ ಬೆಳಕು ಬೀಳಿಸುವುದು, ರಾತ್ರಿಯಾದರೆ ಫಿಲ್ಮು. ದಾದರ್ ಪೂರ್ವದ ಫಾಲ್ಕೆ ರಸ್ತೆಯಲ್ಲಿ ನಾನು ಎಷ್ಟೋ ವರ್ಷದಿಂದ ಓಡಾಡಿದ್ದೇನೆ, ಸರಸ್ವತಿಬಾಯಿಯ ಹೆಸರು ಗೊತ್ತಾಗಿದ್ದು ಈಗ.

ಹರಿಶ್ಚಂದ್ರನ ರಾಣಿ ತಾರಾಮತಿಯ ಪಾತ್ರಕ್ಕೆ ಹೆಂಗಸರು ಯಾರೂ ಸಿಗಲಿಲ್ಲ. ಕೊನೆಗೆ ಮಾಡಿದ್ದು ಹೋಟೆಲಿನಲ್ಲಿ ಕೆಲಸಕ್ಕಿದ್ದ ಅಣ್ಣಾ ಸಾಳುಂಕೆ. ಅಪ್ಪನೂ ಕುಂದಾಪುರದಿಂದ ಬಂದು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿದವರು. “ನಿಮ್ಮಪ್ಪನನ್ನು ಯಾರೂ ರಾಣಿ ಮಾಡಲಿಲ್ಲ ನೋಡು” ಅಂತ ಅಮ್ಮ ನಕ್ಕಳು.

1913ರ ಮೇ 3ರಂದು ಗಿರಗಾಂವ್‌ನ ಕೊರೊನೇಷನ್ ಚಿತ್ರಮಂದಿರದಲ್ಲಿ ಸಿನಿಮಾ ಬಿಡುಗಡೆಯಾಯಿತು, ಜನ ಮುಗಿಬಿದ್ದರು. ಇದನ್ನೆಲ್ಲ ಅಮ್ಮನಿಗೆ ಓದಿ ಹೇಳಿದೆ. ಅವಳಿಗೆ ಆ ಗದ್ದಲ ಬೇಕಿರಲಿಲ್ಲ.

“ಕತ್ತಲಲ್ಲಿ ತೂತು ಹೊಡೆದರೆ ಕಣ್ಣು ಹೋಗಲ್ವಾ?” ಅಂದಳು.

ನಾವು ಚಾಳಿನ ಒಂದೇ ಕೋಣೆಯಲ್ಲಿದ್ದಾಗ, ಮಕ್ಕಳಿಗೆ ಎಚ್ಚರವಾಗಬಾರದು ಅಂತ ಜೀರೋ ಬಲ್ಬಿನ ಕೆಳಗೆ ಊರವರ ಸೀರೆಗಳಿಗೆ ಫಾಲ್ ಹೊಲಿಯುತ್ತಿದ್ದವಳು ಇವಳೇ. ಬೀನ್ಸ್ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.