“45 ದಿನದ ಮರಿ” ಅಂದ ತಕ್ಷಣ ನಾನು ಕೇಳುವ ಪ್ರಶ್ನೆಗಳು

ಮಂಗಳೂರಿನ ಒಂದು ಪೆಟ್ ಕ್ಲಿನಿಕ್‌ನಲ್ಲಿ ಕೌಂಟರ್ ಕೆಲಸ ನನ್ನದು. ಹೆಸರು ಬರೆಯುವುದು, ತೂಕ ನೋಡುವುದು, ಇಂಜೆಕ್ಷನ್ ಕೊಡುವಾಗ ನಾಯಿಯನ್ನು ಹಿಡಿದುಕೊಳ್ಳುವುದು, ಕೊನೆಗೆ ಬಿಲ್ ಮಾಡುವುದು. ಒಳಗೆ ಡಾಕ್ಟರ್ ಎದುರಿಗೆ ಇರುವ ಒಂದು ಪ್ರಾಣಿಯನ್ನು ನೋಡುತ್ತಾರೆ. ಹೊರಗೆ ಕೂತ ನನಗೆ ದಿನವಿಡೀ ಬಂದವರೆಲ್ಲ ಕಾಣುತ್ತಾರೆ. ಕೆಟ್ಟ ಬ್ರೀಡರ್‌ಗಳನ್ನು ಗುರುತು ಹಿಡಿಯಲು ಈ ಜಾಗ ಒಳ್ಳೆಯದು ಅಂತ ಕೆಲಸಕ್ಕೆ ಸೇರಿದಾಗ ಗೊತ್ತಿರಲಿಲ್ಲ.

ನಮ್ಮ ರಿಜಿಸ್ಟರ್‌ನಲ್ಲಿ ಮಾಲೀಕರ ಹೆಸರು, ಫೋನ್, ತಳಿ, ವಯಸ್ಸು, ಕಾಯಿಲೆ ಇಷ್ಟೇ ಇತ್ತು. ಒಂದು ಮಳೆಗಾಲದಲ್ಲಿ ಪಾರ್ವೋ ಅನ್ನುವ ವೈರಸ್ ಕಾಯಿಲೆ ಬಂದ ಮರಿಗಳು ಒಂದರ ಹಿಂದೆ ಒಂದು ಬರತೊಡಗಿದವು. ವಾಂತಿ, ರಕ್ತಭೇದಿ, ಎತ್ತಿದರೆ ಕತ್ತು ನಿಲ್ಲದ ಮರಿಗಳು. ಡಾಕ್ಟರ್ ಒಂದು ಸಂಜೆ, “ಎಲ್ಲಿಂದ ತಂದದ್ದು ಅಂತ ಒಂದು ಕಾಲಂ ಹಾಕು ಮಾರಾಯ, ನೋಡುವಾ” ಅಂದರು. ಸ್ಕೇಲ್ ಇಟ್ಟು ಗೆರೆ ಎಳೆದೆ. ಸ್ವಲ್ಪ ದಿನದಲ್ಲೇ ಒಂದು ವಿಷಯ ಕಣ್ಣಿಗೆ ಹೊಡೆಯಿತು. ಬೀಗಲ್, ಶಿಟ್ಜು, ಲ್ಯಾಬ್ ಹೀಗೆ ತಳಿ ಬೇರೆ ಬೇರೆ. ಮಾರಿದವನ ಹೆಸರೂ ಬೇರೆ ಬೇರೆ. ಫೋನ್ ನಂಬರ್ ಮಾತ್ರ ಒಂದೇ.

ಇಲ್ಲಿ ಪಾರ್ವೋ ಬಗ್ಗೆ ಒಂದು ಮಾತು. ವೈರಸ್ ಮರಿಯ ದೇಹಕ್ಕೆ ಹೋಗಿ ಕಾಯಿಲೆ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 3ರಿಂದ 7 ದಿನ ಬೇಕು. ಮರಿ ಮನೆಗೆ ಬಂದ ಮರುದಿನವೇ ಭೇದಿ ಶುರುವಾದರೆ ಅದು ನಿಮ್ಮ ಮನೆಯಲ್ಲಿ ಅಂಟಿದ್ದಲ್ಲ. ಮಾರಿದವನು “ನೀವು ಹಾಲು ಕೊಟ್ಟಿರ್ಬೇಕು, ಅದಕ್ಕೇ ಹಾಗಾದದ್ದು” ಅಂತಾನೆ. ಜನ ನಂಬುತ್ತಾರೆ, ತಮ್ಮದೇ ತಪ್ಪು ಅಂದುಕೊಂಡು ಸುಮ್ಮನಾಗುತ್ತಾರೆ. ಮರಿ ಕೈಗೆ ಸಿಕ್ಕಿದ ದಿನ ಮತ್ತು ಮೊದಲ ವಾಂತಿ ಆದ ದಿನ, ಈ ಎರಡು ತಾರೀಕು ಬರೆದಿಟ್ಟರೆ ಅವನ ಬಾಯಿ ಅರ್ಧ ಮುಚ್ಚುತ್ತದೆ.

ಇನ್ನು ಆ 45 ದಿನದ ಕಥೆ. ಇಲ್ಲಿ ಎಲ್ಲರೂ “45 ದಿನದ ಮರಿ ಉಂಟು” ಅಂತಲೇ ಮಾರುವುದು. ಅದು ಏನೋ ಸರಿಯಾದ ಲೆಕ್ಕ ಅನ್ನುವ ಹಾಗೆ ಆಗಿಬಿಟ್ಟಿದೆ. ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ 2017ರಲ್ಲಿ ನಾಯಿ ಬ್ರೀಡಿಂಗ್ ಮತ್ತು ಮಾರಾಟಕ್ಕೆ ಅಂತಲೇ ಕೇಂದ್ರ ಸರ್ಕಾರ ನಿಯಮ ತಂದಿದೆ. ಅದರ ಪ್ರಕಾರ 8 ವಾರ ತುಂಬದ ಮರಿಯನ್ನು ಮಾರುವ ಹಾಗಿಲ್ಲ. ಅಂದರೆ 45 ದಿನದ ಮರಿ ಅಂತ ಜಾಹೀರಾತು ಹಾಕಿದವನು ತನ್ನ ತಪ್ಪನ್ನು ತಾನೇ ಬರೆದು ಕೊಟ್ಟ ಹಾಗೆ. ಸ್ಕ್ರೀನ್‌ಶಾಟ್ ತೆಗೆದಿಡಿ, ಮುಂದೆ ಬೇಕಾಗುತ್ತದೆ.

ಎಷ್ಟೋ ಸಲ ಮರಿಗೆ 45 ದಿನವೂ ಆಗಿರುವುದಿಲ್ಲ. ಬಜ್ಪೆ ಕಡೆಯ ಒಬ್ಬರು ಅಕ್ಕ ಮಗಳ ಬರ್ತ್‌ಡೇಗೆ ಅಂತ ಬೀಗಲ್ ಮರಿ ತಂದಿದ್ದರು. ಗಂಡ ಗಲ್ಫ್‌ನಲ್ಲಿ, ದುಡ್ಡು ಅಲ್ಲಿಂದಲೇ ಫೋನಿನಲ್ಲಿ ಕಳಿಸಿದ್ದು. ಡಾಕ್ಟರ್ ಹೆಬ್ಬೆರಳಿನಿಂದ ಮರಿಯ ತುಟಿ ಎತ್ತಿ ನನ್ನನ್ನು ಕರೆದರು. ಮುಂದಿನ ಹಲ್ಲು ಅಕ್ಕಿನುಚ್ಚಿನಷ್ಟು ಹೊರಗೆ ಬಂದಿತ್ತು. ಕೋರೆಹಲ್ಲಿನ ತುದಿ ಬೆರಳಿಗೆ ಚುಚ್ಚುತ್ತಿತ್ತು, ಅಷ್ಟೇ. ಹಿಂದಿನ ದವಡೆ ಬರೀ ಒಸಡು, ಗುಲಾಬಿ ಬಣ್ಣ ಇರಬೇಕಾದ್ದು ಬಿಳಿಚಿಕೊಂಡಿತ್ತು. ಎಂಟು ವಾರ ಆಗುವ ಹೊತ್ತಿಗೆ 28 ಹಾಲುಹಲ್ಲು ಹೆಚ್ಚುಕಡಿಮೆ ಪೂರ್ತಿ ಬಂದಿರಬೇಕು. “ಇದಕ್ಕೆ ಐದು ವಾರ ಆಗಿದ್ದರೆ ಜಾಸ್ತಿ ಆಯ್ತು” ಅಂದರು ಡಾಕ್ಟರ್. ಆ ಅಕ್ಕ ಕಾರ್ಡ್ ತೆಗೆದು ತೋರಿಸಿದರು. ಅದರಲ್ಲಿ ಆಗಲೇ ಮೊದಲ ವ್ಯಾಕ್ಸಿನ್ ಆಗಿದೆ ಅಂತ ಬರೆದಿತ್ತು.

ಆ ಕಾರ್ಡ್ ನೋಡುವುದು ನನ್ನ ಕೆಲಸ, ಅದರಲ್ಲಿ ನನಗೆ ಸ್ವಲ್ಪ ಕೈ ಪಳಗಿದೆ. ವ್ಯಾಕ್ಸಿನ್ ಬಾಟಲಿಯ ಮೇಲೆ ಸಣ್ಣ ಸ್ಟಿಕ್ಕರ್ ಇರುತ್ತದೆ, ಅದರಲ್ಲಿ ಬ್ಯಾಚ್ ನಂಬರ್, ಎಕ್ಸ್‌ಪೈರಿ ತಾರೀಕು. ಇಂಜೆಕ್ಷನ್ ಕೊಟ್ಟ ಮೇಲೆ ಅದನ್ನು ಕಿತ್ತು ಕಾರ್ಡಿಗೆ ಅಂಟಿಸುತ್ತೇವೆ. ಪಕ್ಕದಲ್ಲಿ ಡಾಕ್ಟರ್ ಸಹಿ, ಪಶುವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಇರುವ ಸೀಲ್. ಆ ಅಕ್ಕನ ಕಾರ್ಡಿನಲ್ಲಿ ಸ್ಟಿಕ್ಕರ್ ಇರಲಿಲ್ಲ, ಸೀಲ್ ಇರಲಿಲ್ಲ. ಹುಳದ ಔಷಧ, ವ್ಯಾಕ್ಸಿನ್, ಮುಂದಿನ ತಾರೀಕು ಎಲ್ಲ ಒಂದೇ ಪೆನ್ನಿನಲ್ಲಿ, ಒಂದೇ ಉಸಿರಿನಲ್ಲಿ ಬರೆದ ಹಾಗಿತ್ತು. ಬೇರೆ ಬೇರೆ ದಿನ ಬರೆದ ಕಾರ್ಡಿನಲ್ಲಿ ಅಕ್ಷರ, ಶಾಯಿ ಸ್ವಲ್ಪವಾದರೂ ಬದಲಾಗುತ್ತದೆ ಅಲ್ವಾ.

ಮರಿ ನೋಡುವ ಮೊದಲೇ, ಫೋನಿನಲ್ಲೇ ಸಿಕ್ಕಿಬೀಳುವವರೂ ಇದ್ದಾರೆ. “ಮನೆಗೆ ಬರೋದು ಬೇಡ ಸರ್, ಪಂಪ್‌ವೆಲ್ ಹತ್ರ ತಂದು ಕೊಡ್ತೇನೆ” ಅನ್ನುವವನು ತನ್ನ ಮನೆಯಲ್ಲಿ ಏನೋ ಮುಚ್ಚಿಡುತ್ತಿದ್ದಾನೆ. ತಾಯಿ ನಾಯಿ ಎಲ್ಲಿ ಅಂದರೆ ಊರಲ್ಲಿದೆ, ಅಣ್ಣನ ಮನೆಯಲ್ಲಿದೆ, ಕಚ್ಚುತ್ತದೆ ಅಂತ ಏನೋ ಒಂದು ಕಾರಣ. ಮರಿ ಹಾಲು ಕುಡಿಯುವುದನ್ನು ವಿಡಿಯೋ ಕಾಲ್‌ನಲ್ಲಿ ತೋರಿಸಿ ಅಂದರೆ ನೆಟ್‌ವರ್ಕ್ ಇರುವುದಿಲ್ಲ. ಒಬ್ಬನ ಹತ್ತಿರವೇ ಎಂಟು ಹತ್ತು ತಳಿ ಸದಾ ಸ್ಟಾಕ್ ಇದೆ ಅಂದರೆ ಅವನು ಸಾಕುತ್ತಿಲ್ಲ, ಎಲ್ಲಿಂದಲೋ ತರಿಸಿ ಮಾರುತ್ತಿದ್ದಾನೆ ಅಂತಲೇ ಲೆಕ್ಕ. “ಪೇಪರ್ ಬೇಕಾದರೆ ಒಂದು ರೇಟ್, ಬೇಡವಾದರೆ ಒಂದು ರೇಟ್” ಅನ್ನುವುದೂ ಹಾಗೇ. ಕೆನಲ್ ಕ್ಲಬ್ ಪೇಪರ್ ಇದ್ದ ಮಾತ್ರಕ್ಕೆ ಬ್ರೀಡಿಂಗ್‌ಗೆ ಅನುಮತಿ ಇದೆ ಅಂತಲ್ಲ. ಆ ಪೇಪರ್ ಹೇಳುವುದು ನಾಯಿಯ ವಂಶ ಯಾವುದು ಅಂತ. ಬ್ರೀಡರ್ ಆಗಿ ನೋಂದಣಿ ಮಾಡಿಸಬೇಕಾದ್ದು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ, ಮತ್ತು ಆ ಸರ್ಟಿಫಿಕೇಟನ್ನು ಜನರಿಗೆ ಕಾಣುವ ಹಾಗೆ ಹಾಕಬೇಕು. ಹೆಚ್ಚಿನವರು ಇವೆರಡನ್ನೂ ಒಂದೇ ಅಂದುಕೊಂಡಿರುತ್ತಾರೆ. ಮಾರುವವನಿಗೆ ಅದು ಚೆನ್ನಾಗಿ ಗೊತ್ತು.

ಕೊಳ್ಳುವವರ ಬಗ್ಗೆಯೂ ಹೇಳಿಬಿಡುತ್ತೇನೆ. “ಇನ್ನೂ ಸಣ್ಣದು ಇಲ್ವಾ?” ಅಂತ ಕೇಳುವವರು ಇರುವ ತನಕ ಐದು ವಾರದ ಮರಿ ಮಾರುವವರು ಇರುತ್ತಾರೆ. ನಮ್ಮ ಕರಾವಳಿಯ ಬೇಗೆಯಲ್ಲಿ ಹಸ್ಕಿ ಬೇಕು ಅನ್ನುವವರಿಗೆ ಏನು ಹೇಳುವುದೋ ನನಗೆ ಗೊತ್ತಾಗುವುದಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಅದು ಟೈಲ್ಸ್ ಮೇಲೆ ಮಲಗಿ ಏದುಸಿರು ಬಿಡುವುದನ್ನು ಒಮ್ಮೆ ನೋಡಬೇಕು. ಒಳ್ಳೆಯ ಬ್ರೀಡರ್‌ಗಳು ಇಲ್ಲ ಅಂತಲ್ಲ. ಉಡುಪಿ ಕಡೆಯ ಒಬ್ಬರು ನಮ್ಮಲ್ಲಿಗೆ ಬರುತ್ತಾರೆ. ಫ್ಲ್ಯಾಟಾ ಮನೆಯಾ, ಹಗಲು ಯಾರಿರುತ್ತಾರೆ, ಊರಿಗೆ ಹೋಗುವಾಗ ಎಲ್ಲಿ ಬಿಡುತ್ತೀರಿ ಅಂತ ಕೊಳ್ಳುವವರ ತಲೆ ತಿಂದು ಆಮೇಲೆ “ನಿಮಗೆ ಈಗ ಆಗ್ಲಿಕ್ಕಿಲ್ಲ” ಅಂತ ವಾಪಸ್ ಕಳಿಸಿದ್ದೂ ಇದೆ. ಅವರಿಗೆ ಅಹಂಕಾರ ಅಂತ ಬೈದುಕೊಂಡು ಹೋದವರನ್ನು ನಾನೇ ನೋಡಿದ್ದೇನೆ.

ಮರಿಗಳನ್ನಾದರೂ ಜನ ನೋಡುತ್ತಾರೆ. ತಾಯಂದಿರನ್ನು ಯಾರೂ ನೋಡುವುದಿಲ್ಲ. ಹೈವೇ ಬದಿ ಸಿಕ್ಕಿದ ಒಂದು ಲ್ಯಾಬ್ ಹೆಣ್ಣನ್ನು ಕಾಲೇಜು ಹುಡುಗರು ರಿಕ್ಷಾದಲ್ಲಿ ತಂದಿದ್ದರು. ಮೊಲೆಗಳು ನೆಲಕ್ಕೆ ತಾಗುವಷ್ಟು ಜೋತುಬಿದ್ದಿದ್ದವು. ಉಗುರು ಬೆಳೆದು ವೃತ್ತಾಕಾರಕ್ಕೆ ತಿರುಗಿದ್ದವು. ಮಣ್ಣಿನಲ್ಲಿ ಓಡಾಡಿದ ನಾಯಿಗೆ ಹಾಗೆ ಆಗುವುದಿಲ್ಲ. ಮೊಣಕೈಯಲ್ಲಿ ಗಟ್ಟಿ ತೊಗಲು, ಕಿವಿ ತುಂಬ ಉಣ್ಣಿ. ಡಾಕ್ಟರ್ ಬಾಯಿ ಬಿಡಿಸಿ ಕೋರೆಹಲ್ಲಿನ ಹಿಂಬದಿ ತೋರಿಸಿದರು. ಮುಂದೆ ಸರಿಯಾಗಿಯೇ ಇದ್ದ ಹಲ್ಲು ಹಿಂದೆ ಸವೆದು ತಗ್ಗಾಗಿತ್ತು. ಗೂಡಿನ ಕಂಬಿಯನ್ನು ವರ್ಷಗಟ್ಟಲೆ ಕಚ್ಚಿದರೆ ಹಾಗಾಗುತ್ತದಂತೆ. ಹೊಟ್ಟೆಯಲ್ಲಿ ಸಿಸೇರಿಯನ್ ಗಾಯದ ಗುರುತು ಒಂದಕ್ಕಿಂತ ಜಾಸ್ತಿ ಇತ್ತು, ಗರ್ಭಕೋಶದಲ್ಲಿ ಕೀವು ತುಂಬಿತ್ತು. ನಿಯಮದಲ್ಲಿ ಏನಿದೆ ಅಂದರೆ, ಹೆಣ್ಣು ನಾಯಿಗೆ 18 ತಿಂಗಳು ತುಂಬದೆ ಕ್ರಾಸ್ ಮಾಡಿಸಬಾರದು, 8 ವರ್ಷ ದಾಟಿದ ಮೇಲೆ ಮಾಡಿಸಬಾರದು, ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಮರಿ ಹಾಕಿಸಬಾರದು, ಜೀವಮಾನದಲ್ಲಿ ಐದಕ್ಕೆ ನಿಲ್ಲಿಸಬೇಕು. ಆದರೆ ಆರಾರು ತಿಂಗಳಿಗೆ ಬೆದೆಗೆ ಬರುವ ಪ್ರಾಣಿ, 63 ದಿನದಲ್ಲಿ ಮರಿ ಹಾಕುತ್ತದೆ. ದುಡ್ಡಿನ ಆಸೆ ಇದ್ದವನು ಯಾವ ಲೆಕ್ಕ ಹಾಕುತ್ತಾನೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಸರಿ, ದೂರು ಕೊಡುವುದು ಹೇಗೆ? ಮೊದಲು ಏನು ಮಾಡಬಾರದು ಅಂತ ಹೇಳುತ್ತೇನೆ. ಸಿಟ್ಟಿನಲ್ಲಿ ಫೋಟೊ ಸಮೇತ ಇನ್‌ಸ್ಟಾಗ್ರಾಮ್‌ಗೆ ಹಾಕಬೇಡಿ. ಮಧ್ಯಾಹ್ನ ಪೋಸ್ಟ್ ಹಾಕಿದರೆ ರಾತ್ರಿಯೇ ನಾಯಿಗಳು ಬೇರೆ ಕಡೆಗೆ ಹೋಗುತ್ತವೆ, ಅಧಿಕಾರಿಗಳು ಹೋಗುವಾಗ ಖಾಲಿ ಶೆಡ್ ಇರುತ್ತದೆ. ಮೇಲಿಂದ ಮಾನನಷ್ಟದ ನೋಟಿಸ್ ನಿಮಗೇ ಬರಬಹುದು. ಕಾಂಪೌಂಡ್ ಹಾರಿ ವಿಡಿಯೋ ಮಾಡಲು ಹೋಗಬೇಡಿ, ಅದು ಅತಿಕ್ರಮ ಪ್ರವೇಶ. ಮಾರಿದವನ ಜೊತೆ ಮಾಡಿದ ಚಾಟ್ ಡಿಲೀಟ್ ಮಾಡಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಬೇಸರದಲ್ಲಿ ಜನ ಮೊದಲು ಮಾಡುವುದೇ ಆ ಕೆಲಸ.

ನಮ್ಮ ರಿಜಿಸ್ಟರ್‌ನಲ್ಲಿ ಮತ್ತೆ ಮತ್ತೆ ಬಂದ ಆ ಒಂದೇ ಫೋನ್ ನಂಬರಿನವನ ವಿಷಯದಲ್ಲಿ ನಾವು ಮಾಡಿದ್ದು ಹೀಗೆ. ನಾನು ಒಬ್ಬ ಗಿರಾಕಿಯ ನಂಬರ್ ಇನ್ನೊಬ್ಬರಿಗೆ ಕೊಡುವ ಹಾಗಿಲ್ಲ. ಹಾಗಾಗಿ ಒಬ್ಬೊಬ್ಬರಿಗೇ ಫೋನ್ ಮಾಡಿ, ನಿಮ್ಮ ಹಾಗೆ ಇನ್ನೂ ಕೆಲವರಿದ್ದಾರೆ, ಮಾತಾಡಲು ಒಪ್ಪಿಗೆ ಉಂಟಾ ಅಂತ ಕೇಳಿದೆ. ಕೆಲವರು “ಬೇಡಪ್ಪ, ಪೊಲೀಸ್ ರಗಳೆ ಎಲ್ಲ ಯಾಕೆ” ಅಂದರು. ಒಪ್ಪಿದವರು ತಮ್ಮ ತಮ್ಮ ಜಾಹೀರಾತಿನ ಸ್ಕ್ರೀನ್‌ಶಾಟ್, ದುಡ್ಡು ಕಳಿಸಿದ ದಾಖಲೆ, ಕಾರ್ಡಿನ ಫೋಟೊ ತಂದರು. ಡಾಕ್ಟರ್ ಒಂದೊಂದು ಮರಿಗೂ ಬೇರೆ ಬೇರೆ ಸರ್ಟಿಫಿಕೇಟ್ ಬರೆದುಕೊಟ್ಟರು. ಅದರಲ್ಲಿ ಮೋಸ, ವಂಚನೆ ಅಂತ ಒಂದು ಶಬ್ದವೂ ಇರಲಿಲ್ಲ. ಹಲ್ಲು ನೋಡಿ ಅಂದಾಜಿಸಿದ ವಯಸ್ಸು, ತೂಕ, ಪಾರ್ವೋ ಟೆಸ್ಟಿನ ಫಲಿತಾಂಶ, ಮೈಕ್ರೋಚಿಪ್ (ಚರ್ಮದ ಕೆಳಗೆ ಹಾಕುವ ಗುರುತಿನ ಚಿಪ್) ಸ್ಕ್ಯಾನ್ ಮಾಡಿದಾಗ ಸಿಗಲಿಲ್ಲ ಅನ್ನುವುದು, ತಾರೀಕು. ಕಂಡದ್ದನ್ನು ಮಾತ್ರ ಬರೆದರೆ ನಾಳೆ ಯಾರ ಎದುರಿಗೂ ನಿಂತು ಹೌದು ಅನ್ನಬಹುದು ಅಂತ ಅವರ ಲೆಕ್ಕ.

ದೂರನ್ನು ಒಂದು ಪುಟದಲ್ಲಿ ಮುಗಿಸಿದೆವು. ಯಾರು, ಎಲ್ಲಿ, ಯಾವಾಗ, ಯಾವ ನಿಯಮ, ಜೊತೆಗೆ ಏನೇನು ಲಗತ್ತಿಸಿದೆ. ಒಂದು ಪ್ರತಿ ಪಶುಪಾಲನಾ ಇಲಾಖೆಯ ಜಿಲ್ಲಾ ಉಪನಿರ್ದೇಶಕರಿಗೆ, ಒಂದು ಬೆಂಗಳೂರಿನ ಪ್ರಾಣಿ ಕಲ್ಯಾಣ ಮಂಡಳಿಗೆ, ಒಂದು ಆ ಜಾಗಕ್ಕೆ ಸೇರಿದ ಪೊಲೀಸ್ ಠಾಣೆಗೆ. ನಮ್ಮ ಪ್ರತಿಯ ಮೇಲೆ ದೂರು ಸಿಕ್ಕಿದೆ ಅನ್ನುವ ಕಚೇರಿಯ ಸೀಲ್ ಹಾಕಿಸಿಕೊಂಡೆವು. ಆ ಸೀಲ್ ಇಲ್ಲದಿದ್ದರೆ ಮುಂದಿನ ಸಲ ಹೋದಾಗ “ಯಾವ ದೂರು?” ಅಂತ ಶುರುವಾಗುತ್ತದೆ. ಜೊತೆಗೆ 10 ರೂಪಾಯಿಯ ಆರ್‌ಟಿಐ ಅರ್ಜಿ ಹಾಕಿ, ಇಂಥ ವಿಳಾಸದಲ್ಲಿ ನೋಂದಣಿಯಾದ ಬ್ರೀಡರ್ ಇದ್ದಾರಾ ಅಂತ ಕೇಳಿದೆವು. ಅದಕ್ಕೆ 30 ದಿನದೊಳಗೆ ಉತ್ತರ ಕೊಡಬೇಕು. ನೋಂದಣಿ ಇಲ್ಲ ಅಂತ ಸರ್ಕಾರಿ ಕಾಗದದಲ್ಲೇ ಬಂದ ಮೇಲೆ ವಾದ ಮಾಡಲು ಏನೂ ಉಳಿಯಲಿಲ್ಲ. ನಾಯಿ ಈಗಲೇ ಸಾಯುವ ಸ್ಥಿತಿಯಲ್ಲಿದ್ದರೆ, ಯಾರೋ ಹೊಡೆಯುತ್ತಿದ್ದರೆ ಈ ಕಾಗದ ಪತ್ರ ಎಲ್ಲ ಆಮೇಲೆ. ಮೊದಲು 112ಕ್ಕೆ ಫೋನ್ ಮಾಡಬೇಕು.

ದೂರು ಕೊಟ್ಟರೆ ಜೈಲು ಗ್ಯಾರಂಟಿ ಅಂತ ಯಾರಿಗೂ ನಾನು ಹೇಳುವುದಿಲ್ಲ. ಮೂಲ ಕಾಯ್ದೆ 1960ರದ್ದು, ಮೊದಲ ಸಲದ ಹಿಂಸೆಗೆ ದಂಡ 10ರಿಂದ 50 ರೂಪಾಯಿ. ನಮ್ಮಲ್ಲಿ ಒಂದು ಡೋಸ್ ಹುಳದ ಔಷಧಕ್ಕೆ ಅದಕ್ಕಿಂತ ಜಾಸ್ತಿ ಆಗುತ್ತದೆ. ಬ್ರೀಡರ್‌ಗೆ ನಿಜವಾಗಿ ಬಿಸಿ ಮುಟ್ಟುವುದು ನೋಂದಣಿ ಇಲ್ಲದ ಜಾಗಕ್ಕೆ ಬೀಗ ಬಿದ್ದಾಗ. ಆ ಶೆಡ್ಡಿಗೆ ಅಧಿಕಾರಿಗಳು ಹೋದರು. ಒಂದು ಸಲ ದೂರು ಕೊಟ್ಟು ಮನೆಯಲ್ಲಿ ಕೂತಿದ್ದರೆ ಹೋಗುತ್ತಿದ್ದರೋ ಇಲ್ಲವೋ. ಬಿಡದೆ ಕೇಳಿದ್ದಕ್ಕೆ ಹೋದರು. ಕೆಲವು ತಾಯಿ ನಾಯಿಗಳು ಆಸರೆ ಕೊಡುವವರ ಮನೆ ಸೇರಿದವು, ಶೆಡ್ ಮುಚ್ಚಿತು. ಅವನು ಬೇರೆ ಹೆಸರಿನಲ್ಲಿ ಇನ್ನೆಲ್ಲೋ ಶುರುಮಾಡಿಲ್ಲ ಅಂತ ನಾನು ಆಣೆ ಹಾಕಲಾರೆ. ಹೊಸ ಮರಿ ಬಂದಾಗಲೆಲ್ಲ ಫೋನ್ ನಂಬರ್ ಕೇಳಿ ಬರೆದುಕೊಳ್ಳುತ್ತೇನೆ.

ಇನ್ನೊಂದು ವಿಷಯ, ಇದರ ಬಗ್ಗೆ ಕೌಂಟರ್‌ನಲ್ಲೇ ಜಗಳ ಆಗಿದೆ. ಶೆಡ್ಡಿನ ಸ್ಥಿತಿ ನೋಡಿ ಪಾಪ ಅಂತ ದುಡ್ಡು ಕೊಟ್ಟು ಒಂದು ಮರಿ “ಬಿಡಿಸಿಕೊಂಡು” ಬರುವವರಿದ್ದಾರೆ. ಅವರ ಮನಸ್ಸು ಒಳ್ಳೆಯದೇ. ಆದರೆ ಮಾರಿದವನಿಗೆ ಅದು ಇನ್ನೊಂದು ವ್ಯಾಪಾರ ಅಷ್ಟೇ. ಮರಿಯ ಜಾಗ ಖಾಲಿಯಾಯಿತು, ತಾಯಿಯನ್ನು ಮತ್ತೆ ಕ್ರಾಸ್ ಮಾಡಿಸುತ್ತಾನೆ. ಅಲ್ಲಿಂದ ಬರಿಗೈಯಲ್ಲಿ ಬಂದು ದೂರು ಬರೆಯುವುದು ಕಷ್ಟ ಅಂತ ನನಗೆ ಗೊತ್ತು. ಆದರೂ ಅದನ್ನೇ ಮಾಡಿ ಅಂತ ಹೇಳುತ್ತೇನೆ.

ಬಜ್ಪೆಯ ಅಕ್ಕನ ಮರಿ ಉಳಿಯಲಿಲ್ಲ. ಡ್ರಿಪ್ ಹಾಕಿ ಡಾಕ್ಟರ್ ರಾತ್ರಿಯೂ ಬಂದು ನೋಡಿದ್ದರು. ಪಾರ್ವೋ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಬ್ಲೀಚ್ ಹಾಕಿ ತೊಳೆಯದೆ, ವ್ಯಾಕ್ಸಿನ್ ಪೂರ್ತಿಯಾಗದ ಬೇರೆ ಮರಿ ತರಬೇಡಿ ಅಂತ ಹೇಳಿ ಕಳಿಸಿದೆವು. ಅವರು ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಕೇಸ್ ಹಾಕಿದ್ದಾರೆ. 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕ ಇಲ್ಲ, ಘಟನೆ ನಡೆದು ಎರಡು ವರ್ಷದೊಳಗೆ ಹಾಕಿದರೆ ಆಯಿತು. ವಕೀಲರನ್ನು ಇಡದೆ ತಾವೇ ಹೋಗುತ್ತಿದ್ದಾರೆ. ಡೇಟ್ ಮುಂದೆ ಹೋಗುತ್ತಲೇ ಇದೆ, ಎದುರು ಪಾರ್ಟಿ ಬರುವುದೇ ಇಲ್ಲ. ಮೊನ್ನೆ ಸರ್ಟಿಫಿಕೇಟಿನ ಇನ್ನೊಂದು ಕಾಪಿ ಬೇಕು ಅಂತ ಬಂದಿದ್ದರು, ಕೊಟ್ಟೆ.