ಡಬ್ಬದ ಮೇಲಿನ ವಾಟ್ಸ್ ನೋಡಿ ಎಸ್‌ಎಂಪಿಎಸ್ ಹಾಕಿದ್ದೆ

ಹಾಸನದಲ್ಲಿ ಒಂದು ಚಿಕ್ಕ ಅಂಗಡೀಲಿ ಕಂಪ್ಯೂಟರ್ ಅಸೆಂಬಲ್ ಮಾಡೋದು ನನ್ನ ಕೆಲಸ. ಸೇರಿ ಎರಡನೇ ವರ್ಷದಲ್ಲಿ ಆಗಿದ್ದು ಇದು, ನೆನಪಾದ್ರೆ ಈಗ್ಲೂ ಬೇಜಾರಾಗುತ್ತೆ.

ಒಬ್ಬ ಇಂಜಿನಿಯರಿಂಗ್ ಹುಡುಗ ಅವರಪ್ಪನ ಜೊತೆ ಬಂದಿದ್ದ, ರೈಝನ್ 5 5600 ಪ್ರೊಸೆಸರ್ ಮತ್ತೆ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು ಅಂತ, ಆದ್ರೆ ಟೋಟಲ್ ಮಾಡಿದ್ರೆ ಎರಡು ಸಾವಿರ ಜಾಸ್ತಿ ಬರ್ತಿತ್ತು, ಅವರಪ್ಪನ ಮುಖ ನೋಡಿ ನಾನೇ ಎಸ್‌ಎಂಪಿಎಸ್‌ನಲ್ಲಿ, ಅಂದ್ರೆ ಕಂಪ್ಯೂಟರಿನ ಎಲ್ಲಾ ಭಾಗಕ್ಕೂ ಪವರ್ ಕೊಡೋ ಯೂನಿಟ್ಟಲ್ಲಿ, ಕಡಿಮೆ ಮಾಡ್ದೆ. ಡಬ್ಬದ ಮೇಲೆ ದಪ್ಪಕ್ಕೆ 600 ವಾಟ್ಸ್ ಅಂತ ಇತ್ತು, ಈ ಕಾರ್ಡಿಗೆ ಅದರ ಕಂಪನಿ ಎನ್ವಿಡಿಯಾ ಹೇಳೋದು 550 ವಾಟ್ಸ್ ಎಸ್‌ಎಂಪಿಎಸ್, ಸಾಕಲ್ಲ ಅನ್ಕೊಂಡೆ. ಅದ್ರಲ್ಲಿ ಕಾರ್ಡಿಗೆ ಬೇಕಾದ 8 ಪಿನ್ ವೈರೇ ಇರ್ಲಿಲ್ಲ, ಕನ್ವರ್ಟರ್ ಹಾಕಿ ಕೊಟ್ಟೆ. ಅಲ್ಲೇ ನಿಲ್ಲಿಸಬೇಕಿತ್ತು.

ಹತ್ತು ದಿನಕ್ಕೆ ವಾಪಸ್ ಬಂದ. "ಅಣ್ಣಾ, ಗೇಮ್ ಶುರುವಾಗಿ ಐದು ನಿಮಿಷಕ್ಕೆ ಟಪ್ ಅಂತ ಆಫ್ ಆಗುತ್ತೆ." ನಾನು ರ‍್ಯಾಮ್ ಬದಲಾಯಿಸ್ದೆ, ವಿಂಡೋಸ್ ಹೊಸದಾಗಿ ಹಾಕ್ದೆ, ಕಾರ್ಡ್ ಬೇರೆ ಸಿಸ್ಟಮ್ಮಿಗೆ ಹಾಕಿದ್ರೆ ಅಲ್ಲಿ ಆರಾಮಾಗಿ ಓಡ್ತಿದೆ, ಎರಡು ದಿನ ಹೀಗೇ ಹೋಯ್ತು. ಕೊನೆಗೆ ನಮ್ಮಲ್ಲಿ ಸೀನಿಯರ್ ಒಬ್ರು ಎಸ್‌ಎಂಪಿಎಸ್ ಬಿಚ್ಚಿ ಪಕ್ಕದ ಸ್ಟಿಕ್ಕರ್ ತೋರಿಸಿದ್ರು: 12 ವೋಲ್ಟ್ ಲೈನಿಗೆ 22 ಆಂಪ್ಸ್.

ಎಸ್‌ಎಂಪಿಎಸ್ ಪವರ್ ಕೊಡೋದು 12, 5, 3.3 ವೋಲ್ಟ್ ಅಂತ ಬೇರೆ ಬೇರೆ ಲೈನಲ್ಲಿ. 22ನ್ನ 12ರಿಂದ ಗುಣಿಸಿ, 12 ವೋಲ್ಟ್ ಲೈನಿಗೆ ಬರೀ 264 ವಾಟ್ಸ್. ಪ್ರೊಸೆಸರ್ರೂ ಗ್ರಾಫಿಕ್ಸ್ ಕಾರ್ಡೂ ಎರಡೂ ಪವರ್ ಎಳೆಯೋದು ಹೆಚ್ಚುಕಮ್ಮಿ ಈ 12 ವೋಲ್ಟ್ ಲೈನಿಂದಾನೇ. ಕಾರ್ಡಿಗೆ 170, ಪ್ರೊಸೆಸರ್ ಫುಲ್ ಲೋಡಲ್ಲಿ 76, ಅಲ್ಲಿಗೇ 246 ಆಯ್ತು, ಇನ್ನು ಫ್ಯಾನು, ಬೋರ್ಡು ಬೇರೆ, ಜೊತೆಗೆ ಕಾರ್ಡು ಒಂದೊಂದ್ಸಲ ಕ್ಷಣಮಾತ್ರಕ್ಕೆ 170ಕ್ಕಿಂತ ಎಷ್ಟೋ ಮೇಲೆ ಹಾರುತ್ತೆ. ಮಿಕ್ಕ ವಾಟ್ಸೆಲ್ಲಾ 5 ಮತ್ತು 3.3 ವೋಲ್ಟ್ ಲೈನ್ ಸೇರಿಸಿ ತೋರಿಸಿದ ಲೆಕ್ಕ, ಈಗಿನ ಸಿಸ್ಟಮ್ಮಿಗೆ ಅವು ಅಷ್ಟೊಂದು ಬೇಕಾಗಲ್ಲ. ಒಳ್ಳೆ 550 ವಾಟ್ಸ್ ಯೂನಿಟ್ಟಲ್ಲಿ 12 ವೋಲ್ಟಿಗೇ 45 ಆಂಪ್ಸ್ ಹತ್ರ ಇರುತ್ತೆ. ಅಂಥದ್ದೊಂದು ಹಾಕಿಕೊಟ್ಟೆ, ಮೇಲಿನ ದುಡ್ಡು ನನ್ನ ಸಂಬಳದಲ್ಲಿ ಹಿಡೀರಿ ಅಂತ ಓನರ್‌ಗೆ ನಾನೇ ಹೇಳ್ದೆ.

ಆಮೇಲಿಂದ ಕೊಟೇಶನ್ನಲ್ಲಿ ಎಸ್‌ಎಂಪಿಎಸ್ ಹೆಸರಿನ ಪಕ್ಕ 12 ವೋಲ್ಟಿನ ಆಂಪ್ಸ್ ಬರೆದೇ ಕೊಡ್ತೀನಿ. ಎಸ್‌ಎಂಪಿಎಸ್ ಮೇಲಿರೋ 80 ಪ್ಲಸ್ ರೇಟಿಂಗ್ ಗೋಲ್ಡ್ ಇದ್ಯಾ ಬ್ರಾಂಜ್ ಇದ್ಯಾ ಅಂತ ತುಂಬಾ ಜನ ಕೇಳ್ತಾರೆ, ಅದು ಗೋಡೆಯಿಂದ ಎಳೆದ ಕರೆಂಟಲ್ಲಿ ಎಷ್ಟು ವೇಸ್ಟ್ ಆಗುತ್ತೆ ಅನ್ನೋದಷ್ಟೇ ಹೇಳುತ್ತೆ, ಶಾರ್ಟ್ ಆದ್ರೆ ಕಾಪಾಡುತ್ತೋ ಇಲ್ವೋ ಅಂತ ಅದ್ರಿಂದ ಗೊತ್ತಾಗಲ್ಲ.

ಇನ್ನೊಂದು, ದಯವಿಟ್ಟು ಇದನ್ನ ಮರೀಬೇಡಿ. ವೈರ್ ಬಿಚ್ಚಿ ಹಾಕೋ ಮಾಡ್ಯುಲರ್ ಎಸ್‌ಎಂಪಿಎಸ್ ಬದಲಾಯಿಸುವಾಗ ಹಳೇ ವೈರ್ ಹೇಗೂ ಕೂತಿದೆ ಅಂತ ಅದಕ್ಕೇ ಹೊಸದನ್ನ ಸಿಗಿಸಬೇಡಿ, ಸಾಕೆಟ್ ಸರಿಯಾಗಿ ಕೂತ್ರೂ ಒಳಗಡೆ ಪಿನ್ ಜೋಡಣೆ ಒಂದೊಂದು ಮಾಡೆಲ್ಲಿಗೆ ಒಂದೊಂದು ಥರ, 5 ವೋಲ್ಟ್ ಹೋಗ್ಬೇಕಾದ ಕಡೆ 12 ಹೋದ್ರೆ ಹಾರ್ಡ್ ಡಿಸ್ಕ್ ಸುಟ್ಟು ಹೋಗುತ್ತೆ, ಅದ್ರಲ್ಲಿರೋ ಫೋಟೋನೂ ಹೋಗುತ್ತೆ. ಹಳೇದೆಲ್ಲಾ ಬಿಚ್ಚಿ ಹೊಸ ಡಬ್ಬದಲ್ಲಿ ಬಂದಿದ್ದನ್ನೇ ಹಾಕಿ, ಅರ್ಧ ಗಂಟೆ ಜಾಸ್ತಿ ಹಿಡಿಯುತ್ತೆ ಅಷ್ಟೇ.